ಹಳದಿ ದಾರದ ಆರನೇ ಬಟ್ಟೆ

ಎರಡು ದಿನ ಓಡಿ ಬಂದ ರೈಲು ಪ್ರಯಾಣಿಕರನ್ನೆಲ್ಲ ಇಳಿಸಿ ಯಾರ್ಡಿಗೆ ಬಂದು ನಿಂತರೆ, ಬೋಗಿಯೊಳಗೆ ಮೊದಲು ಕಾಲಿಡುವವಳು ಜಡ್ಜಮ್ಮ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಬಕೆಟ್ಟು, ಬ್ರಷ್ಷು ಕೆಳಗಿಡುವ ಮೊದಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದೊಂದು ಸೀಟಿಗೂ ತೀರ್ಪು ಕೊಡುತ್ತಾ ಹೋಗುತ್ತಿದ್ದಳು.

"ಇವನು ಬೂಟು ಹಾಕ್ಕೊಂಡೇ ಎದುರಿನ ಸೀಟಿನ ಮೇಲೆ ಕಾಲು ಚಾಚಿದ್ದಾನೆ. ಕಾಲು ಉದ್ದ, ನಾಚಿಕೆ ಗಿಡ್ಡ. ಇವಳು ತಲೆ ಬಾಚಿ ಕೂದಲೆಲ್ಲಾ ಬೇಸಿನ್ನಿಗೆ ದಾನ ಕೊಟ್ಟಿದ್ದಾಳೆ. ಈ ಮಹಾರಾಯ ಉಗುರು ಕತ್ತರಿಸಿ ಕಿಟಕಿ ಮೂಲೇಲಿ ಕೂಡಿಟ್ಟಿದ್ದಾನೆ, ಮೊಮ್ಮಕ್ಕಳಿಗೆ ಆಸ್ತಿ ಮಾಡೋ ಹಾಗೆ."

ತಪ್ಪು ಯಾರದೇ ಇರಲಿ, ಶಿಕ್ಷೆ ಮಾತ್ರ ಯಾವಾಗಲೂ ಒಬ್ಬಳಿಗೇ. "ಹೆತ್ತ ತಾಯಿ ಏನು ಕಲಿಸಿದ್ಲೋ! ಅವಳೊಬ್ಬಳು ನನ್ನ ಕೈಗೆ ಸಿಗ್ಬೇಕು!" ಇಪ್ಪತ್ತಾರು ವರ್ಷಗಳಲ್ಲಿ ಕಾಣದ ಊರುಗಳ ಎಷ್ಟು ತಾಯಂದಿರಿಗೆ ಅವಳು ಹೀಗೆ ಛೀಮಾರಿ ಹಾಕಿದ್ದಳೋ ಲೆಕ್ಕವಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ರೇಡಿಯೊ ಅದಕ್ಕೆ ನಗುತ್ತಾ ಹಿಮ್ಮೇಳ ಕೊಡುತ್ತಿದ್ದಳು. ಬಾಯಿ ಬಂದ್ ಮಾಡಲು ಗುಂಡಿಯೇ ಇಲ್ಲದವಳು ಎಂದು ಅವಳಿಗೆ ಆ ಹೆಸರು.

ಜಡ್ಜಮ್ಮನಿಗೆ ಈ ಧೈರ್ಯ ಬಂದದ್ದು ತನ್ನ ಮಗಳಿಂದ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ಮೊಣಕಾಲುದ್ದದ ಜಾಗ. ಅಷ್ಟರಲ್ಲೇ ಆ ಹುಡುಗಿಯನ್ನು ಕನ್ನಡಿಯ ಹಾಗೆ ಬೆಳೆಸಿದ್ದಳು. ಚಪ್ಪಲಿ ಬಾಗಿಲಾಚೆ ಜೋಡಿಸಿಡಬೇಕು. ಊಟಕ್ಕೆ ಮುಂಚೆ ಮೊಣಕೈ ತನಕ ತೊಳೆಯಬೇಕು. ಕೂತ ಜಾಗವನ್ನು, ಕೂರುವ ಮೊದಲು ಹೇಗಿತ್ತೋ ಹಾಗೇ ಬಿಟ್ಟು ಏಳಬೇಕು.

ಒಂದು ಸುಳ್ಳನ್ನೂ ಹಾಗೇ ಒಪ್ಪವಾಗಿ ಬೆಳೆಸಿದ್ದಳು. ಮಗಳನ್ನು ಶಾಲೆಗೆ ಸೇರಿಸುವಾಗ, ತಾಯಿಯ ಉದ್ಯೋಗ ಏನೆಂದು ಗುಮಾಸ್ತ ಕೇಳಿದ. ಮಗಳು ಕೈ ಹಿಡಿದುಕೊಂಡು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಕಕ್ಕಸು ತೊಳೆಯುವುದು ಎನ್ನಲು ನಾಲಿಗೆ ಏಳಲಿಲ್ಲ. "ರೈಲಿನಲ್ಲಿ ಹೊದಿಕೆ ಮಡಚೋ ಕೆಲಸ" ಎಂದುಬಿಟ್ಟಳು. ಅಂದಿನಿಂದ ಯಾರ್ಡಿನ ನಲ್ಲಿಯಲ್ಲೇ ಸ್ನಾನ ಮುಗಿಸಿ, ಸೋಪಿನ ವಾಸನೆ ಹೊತ್ತುಕೊಂಡೇ ಮನೆಗೆ ಹೋಗುವುದಾಯಿತು. ಮಗಳು ಓದಿದಳು, ಮದುವೆಯಾದಳು, ಎರಡು ದಿನದ ಹಾದಿಯಷ್ಟು ದೂರ ಹೋದಳು. ಹೊದಿಕೆಯ ಸುಳ್ಳು ಮಾತ್ರ ಮಡಚಿದಂತೆಯೇ ಉಳಿಯಿತು.

ಆ ಮಗಳು ಇವತ್ತು ಏಳು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬಳೇ ಬರುತ್ತಿದ್ದಳು. ಮನೆಯ ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ಹೋದರೆ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಳ್ಳಬಹುದು. ಅಷ್ಟರವರೆಗೆ ತಡೆಯಲಾರದೆ ಜಡ್ಜಮ್ಮ ಸೂಪರ್‌ವೈಸರ್‌ನ ಬೆನ್ನು ಬಿದ್ದು, ಮಗಳು ಬಂದ ಐದನೇ ಬೋಗಿಯನ್ನೇ ಕೇಳಿ ಹಾಕಿಸಿಕೊಂಡಿದ್ದಳು.

"ಬಾರೇ ರೇಡಿಯೊ, ಮೂವತ್ತೊಂದನೇ ಸೀಟು ತೋರಿಸ್ತೀನಿ. ಮನುಷ್ಯರು ಕೂತು ಎದ್ದ ಜಾಗ ಹೇಗಿರುತ್ತೆ ಅಂತ ಕಣ್ತುಂಬ ನೋಡು."

ನಿಜಕ್ಕೂ ನೋಡುವ ಹಾಗಿತ್ತು. ಸುತ್ತ ಬಿಸ್ಕತ್ತಿನ ಪುಡಿ, ಬಾಳೆಹಣ್ಣಿನ ಸಿಪ್ಪೆ, ಟೀ ಚೆಲ್ಲಿ ಅಂಟಾದ ನೆಲ. ನಡುವೆ ಮೂವತ್ತೊಂದನೇ ಸೀಟು ಈಗಷ್ಟೇ ಒರೆಸಿಟ್ಟಂತೆ ಹೊಳೆಯುತ್ತಿತ್ತು. ಮಗಳು ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಮೂಲೆಯಲ್ಲಿಟ್ಟಿದ್ದಳು.

"ತಾಯಿಗೆ ಏನು ತೀರ್ಪು ಅಕ್ಕಾ?" ರೇಡಿಯೊ ಕೇಳಿದಳು.

"ಬಿಡುಗಡೆ!" ಎಂದು ಜಡ್ಜಮ್ಮ ಬೀಗಿದಳು.

ಬೋಗಿಯ ತುದಿಯ ಶೌಚಾಲಯದ ಬಾಗಿಲಿಗೆ, 'ಒಳಗೆ ಹೋಗಬೇಡಿ' ಎಂಬ ಚೀಟಿಯನ್ನು ಯಾರೋ ಚೂಯಿಂಗ್ ಗಮ್ಮಿನಿಂದ ಅಂಟಿಸಿದ್ದರು. ಬಾಗಿಲು ತಳ್ಳಿದರೆ ಅಸಹ್ಯ. ಕೊಳಚೆ ಅಂಚಿನವರೆಗೂ ತುಂಬಿ ನಿಂತಿತ್ತು. ಗುಂಡಿ ಒತ್ತಿದರೆ ನೀರು ಕೆಳಗಿಳಿಯುವ ಬದಲು ಮೇಲಕ್ಕೇ ಬಂತು. ಒಳಗೆ ಏನನ್ನೋ ತುರುಕಿದ್ದರು. ಕೋಲು ಹಾಕಿ ನೋಡಿದರು, ಕದಲಲಿಲ್ಲ. ಜಡ್ಜಮ್ಮ ಉದ್ದನೆಯ ಕೈಗವಸು ಏರಿಸಿ, ಮುಖ ಆ ಕಡೆ ತಿರುಗಿಸಿ, ತೋಳನ್ನು ಒಳಗಿಟ್ಟಳು. ಗವಸಿನ ಅಂಚು ದಾಟಿ ನೀರು ಒಳಗೆ ಇಳಿಯಿತು.

"ಥೂ! ನಾಚಿಕೆಗೆಟ್ಟವರು! ಇಂಥವರನ್ನ ಹೆತ್ತಳಲ್ಲಾ, ಆ ತಾಯಿಗೆ ಇದೇ ನೀರಲ್ಲಿ ಮುಖ ತೊಳೆಸ್ಬೇಕು!"

ಬೆರಳಿಗೆ ಬಟ್ಟೆ ಸಿಕ್ಕಿತು. ಜಗ್ಗಿದಳು, ಪುಳಕ್ಕನೆ ಬಂತು. ರೇಡಿಯೊ ಅದರ ಮೇಲೆ ಒಂದು ಚೊಂಬು ನೀರು ಸುರಿದಳು. ಕೊಳೆಯಡಿಯಿಂದ ನೀಲಿ ಕಾಣಿಸಿತು. ನೀಲಿಯ ಅಂಚಿನಲ್ಲಿ ಹಳದಿ ದಾರದ ಅಡ್ಡ ಹೊಲಿಗೆ.

ಜಡ್ಜಮ್ಮ ಅದನ್ನು ಬೆಳಕಿಗೆ ಹಿಡಿದಳು.

ಅದು ಅವಳದೇ ಹಳೇ ಸಮವಸ್ತ್ರದ ಬಟ್ಟೆ. ನೂರು ಸಲ ಒಗೆದು ಹೂವಿನಂತೆ ಮೆತ್ತಗಾದದ್ದನ್ನು ಆರು ಚೌಕ ಕತ್ತರಿಸಿ, ಊಟದ ಬಿಡುವಿನಲ್ಲಿ ರೇಡಿಯೊಳ ಪಕ್ಕದಲ್ಲೇ ಕೂತು, ಕೂಸಿನ ಕೆಳಗೆ ಹಾಸಲೆಂದು ಹೊಲಿದು ಕಳಿಸಿದ್ದಳು. ಹಳದಿ ದಾರ ಆರಿಸಿದವಳು ರೇಡಿಯೊನೇ.

ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಬೇರೆ ಯಾರದೋ ಇರಬಹುದು ಎಂದು ಜಡ್ಜಮ್ಮ ಬಟ್ಟೆಯನ್ನು ತಿರುಗಿಸಿದಳು. ಮೂಲೆಯಲ್ಲಿ ದಾರ ಮುಗಿದು ತಾನೇ ಗಂಟು ಹಾಕಿದ ಜಾಗ ಹಾಗೇ ಇತ್ತು. ಈಗಷ್ಟೇ ಬಾಯಿಂದ ಬಂದ ಬೈಗುಳ ಯಾರ ನೆತ್ತಿಗೆ ಬಿತ್ತು ಎಂಬುದು ಆಮೇಲೆ ತಲೆಗೆ ಹೋಯಿತು. ಕೂತ ಜಾಗವನ್ನು ಕನ್ನಡಿ ಮಾಡಿಟ್ಟ ಹುಡುಗಿಯೇ ಇದನ್ನೂ ಮಾಡಿದ್ದಳೇ? ಅದು ಹೇಗೆ ಮನಸ್ಸು ಬಂತು?

ರೇಡಿಯೊ ಕಸದ ಚೀಲವನ್ನು ತೆರೆದು ಹಿಡಿದು, ಜನ್ಮದಲ್ಲಿ ಮೊದಲ ಸಲ ಪಿಸುದನಿಯಲ್ಲಿ, "ಇದರಲ್ಲಿ ಹಾಕ್ಬಿಡು ಅಕ್ಕಾ. ನಾನೇನೂ ನೋಡಿಲ್ಲ" ಎಂದಳು.

ಹಾಕಿದ್ದರೆ ಎಲ್ಲಾ ಮುಗಿದುಹೋಗುತ್ತಿತ್ತು. ಮಗಳ ಮಾನವೂ ಉಳಿಯುತ್ತಿತ್ತು, ತನ್ನ ಹೊದಿಕೆಯ ಕಥೆಯೂ ಉಳಿಯುತ್ತಿತ್ತು. ಜಡ್ಜಮ್ಮನ ಕೈ ಮಾತ್ರ ಆ ಬಟ್ಟೆಯನ್ನು ಬಿಡಲಿಲ್ಲ. ಪಾಳಿ ಮುಗಿದ ಮೇಲೆ ಯಾರ್ಡಿನ ನಲ್ಲಿಯಡಿ ಅದನ್ನು ಮೂರು ಸಲ ಸೋಪು ಹಾಕಿ ಉಜ್ಜಿದಳು. ಆಮೇಲೆ ತನ್ನ ತೋಳನ್ನೂ ಕೆಂಪಾಗುವವರೆಗೆ ಉಜ್ಜಿ, ಒದ್ದೆ ಬಟ್ಟೆಯನ್ನು ಚೀಲದ ತಳಕ್ಕೆ ಹಾಕಿಕೊಂಡು ಮನೆಗೆ ನಡೆದಳು. ಹೇಳಲೋ ಬೇಡವೋ ಎಂಬುದು ಮನೆ ಬಾಗಿಲು ಬಂದರೂ ಬಗೆಹರಿದಿರಲಿಲ್ಲ.

ಬಾಗಿಲಾಚೆ ಮಗಳ ಚಪ್ಪಲಿ ಜೋಡಿಯಾಗಿ ಕೂತಿತ್ತು. ಒಳಗೆ ಕೂಸು ಮಲಗಿ ನಿದ್ದೆಹೋಗಿತ್ತು. ಮಗಳು ಓಡಿಬಂದು ತಬ್ಬಿಕೊಂಡು, "ನೀನು ಯಾವಾಗ್ಲೂ ಸೋಪಿನ ವಾಸನೇನೇ ಅಮ್ಮ" ಎಂದು ನಕ್ಕಳು. ಜಡ್ಜಮ್ಮನ ಕಣ್ಣು ಅವಳ ಭುಜದಾಚೆ ಹೋಯಿತು. ಹಿಂದಿನ ಬಾಗಿಲಲ್ಲಿ ಹಗ್ಗದ ಮೇಲೆ ನೀಲಿ ಬಟ್ಟೆಗಳು ಒಣಗುತ್ತಿದ್ದವು, ಐದು.

"ಆರು ಕಳಿಸಿದ್ನಲ್ಲೇ?"

ಮಗಳ ಮುಖ ಸಣ್ಣಗಾಯಿತು. "ಒಂದು ಟ್ರೇನಲ್ಲಿ ಹೋಯ್ತಮ್ಮ. ನಿನ್ನೆ ಬೆಳಿಗ್ಗೆಯಿಂದ ಪಾಪೂಗೆ ಭೇದಿ. ನಾನೊಬ್ಬಳೇ. ಎದುರಿಗೆ ಕೂತೋರು ಮೂಗು ಮುಚ್ಕೊಂಡು ನನ್ನನ್ನೇ ದುರುಗುಟ್ಟಿ ನೋಡ್ತಿದ್ರು. ಅದನ್ನ ಎಲ್ಲಿಡೋದು ಅಂತ ತೋಚ್ಲಿಲ್ಲ. ಟಾಯ್ಲೆಟ್ಟಿಗೆ ಹಾಕಿ ತಳ್ಬಿಟ್ಟೆ. ಅದು ಕಟ್ಕೊಂತು." ಭುಜ ಹಾರಿಸಿದಳು. "ಹೋಗ್ಲಿ ಬಿಡು. ಯಾರೋ ತೆಗೀತಾರೆ. ಅದಕ್ಕೆ ಅಂತಾನೇ ಜನ ಇರ್ತಾರಲ್ಲ."

ಬಟ್ಟೆ ಸಿಕ್ಕಾಗಲೂ ಆಗದ ಆಘಾತ ಆ ಒಂದು ಮಾತಿಗೆ ಆಯಿತು. ಯಾರೋ! ಬೋಗಿ ತೊಳೆದು ಈ ಹುಡುಗಿಗೆ ಅನ್ನ ಹಾಕಿದ ಕೈ ಅವಳ ಕಣ್ಣಿಗೆ ಯಾರೋ ಆಗಿತ್ತು. ಹಾಗೆ ಮಾಡಿದ್ದು ಮಗಳಲ್ಲ, ತಾನೇ. ಕೂತ ಜಾಗವನ್ನು ಒಪ್ಪ ಮಾಡಲು ಕಲಿಸಿದ್ದಳು. ಕಕ್ಕಸಿನ ಕೊಳೆಯನ್ನು ಯಾರು ತೆಗೆಯುತ್ತಾರೆ ಎಂಬುದನ್ನು ಮಾತ್ರ ದಿನವೂ ಸ್ನಾನ ಮಾಡಿ ತೊಳೆದುಕೊಂಡು ಬಂದಿದ್ದಳು.

ಜಡ್ಜಮ್ಮ ಚೀಲಕ್ಕೆ ಕೈಹಾಕಿ ಆರನೆಯದನ್ನು ತೆಗೆದಳು. ಒಮ್ಮೆ ಕೊಡವಿ, ಐದರ ಪಕ್ಕದಲ್ಲಿ ಹಗ್ಗಕ್ಕೆ ಹರವಿ, ಕ್ಲಿಪ್ಪು ಹಾಕಿದಳು.

ಮಗಳು ಬಟ್ಟೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಮೊಣಕೈ ಮೇಲಿನವರೆಗೂ ಕೆಂಪಾಗಿದ್ದ ಬಲತೋಳನ್ನು ನೋಡಿದಳು. ತುಟಿ ಬೆಳ್ಳಗಾಯಿತು. "ಅಮ್ಮಾ... ನೀನು ಹೊದಿಕೆ ಮಡಚೋಳಲ್ವಾ?"

"ಒಂದು ದಿನಾನೂ ಮಡಚಿಲ್ಲ ಕಣೆ."

ಮಗಳು ಹೊಸ್ತಿಲ ಮೇಲೇ ಕುಸಿದು ಕೂತಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಇದ್ದ ಬೈಗುಳವನ್ನೆಲ್ಲ ಜಡ್ಜಮ್ಮ ಬೆಳಿಗ್ಗೆಯೇ ತನಗೇ ಬೈದುಕೊಂಡು ಮುಗಿಸಿದ್ದಳು. ಮಗಳ ಪಕ್ಕದಲ್ಲಿ ಕೂತು, ಅವಳ ಬೆನ್ನಿನ ಮೇಲೆ ಆ ಕೈಯನ್ನೇ ಇಟ್ಟಳು.

"ವಾಪಸ್ ಹೋಗೋವಾಗ ಒಂದು ಡಬ್ಬಿ ಕೊಡ್ತೀನಿ, ಮುಚ್ಚಳ ಇರೋದು. ಕೊಳೆ ಬಟ್ಟೆ ಅದರಲ್ಲಿ ಹಾಕಿ ಮನೆಗೆ ತಗೊಂಡು ಹೋಗು. ಆ ಊರಲ್ಲೂ ಬೋಗಿ ತೊಳೆಯೋಳು ಒಬ್ಬಳಿರ್ತಾಳೆ. ಅವಳಿಗೂ ಒಬ್ಬಳು ಮಗಳಿರ್ತಾಳೆ. ಹೊದಿಕೆ ಮಡಚ್ತೀನಿ ಅಂತಾನೇ ಅವಳೂ ಹೇಳಿರ್ತಾಳೆ."