ಸೊಲ್ಲೆತ್ತುವ ಟಾರ್ಕಿಲ್

ಲೂಯಿಸ್ ದ್ವೀಪದ ಉತ್ತರ ತುದಿ. ಶನಿವಾರ, ಬೆಳಗಿನ ಐದೂವರೆ. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಮಗ್ಗ ಖಟಪಟ ಎನ್ನುತ್ತಿದೆ. ಅದರ ನಡುವೆ ನಿಧಾನವಾದ, ಗಂಭೀರವಾದ ಒಂದು ರಾಗ. ಕಿವಿಗೊಟ್ಟರೆ ಮಾತುಗಳು ಮಾತ್ರ ಬೇರೆಯೇ: "ಡೊಲೀನಾಳ ಟಗರು ನನ್ನ ಎಲೆಕೋಸು ತಿಂದಿತು, ಬೇರು ಸಮೇತ ತಿಂದಿತು..."

"ಅಭ್ಯಾಸಕ್ಕೆ ಅಂತ ಕೀರ್ತನೆಯ ಮಾತು ಸವೆಸಬಾರದು. ರಾಗ ಹಾಡ್ಕೋ, ಮಾತು ಭಾನುವಾರಕ್ಕೆ ಇಟ್ಕೋ ಅಂತಿದ್ದ ನಮ್ಮಪ್ಪ," ಎನ್ನುತ್ತಾರೆ ಟಾರ್ಕಿಲ್ ಮಾರಿಸನ್, ಪೆಡಲ್ ತುಳಿಯುವುದನ್ನು ನಿಲ್ಲಿಸದೆ.

ಭಾನುವಾರ ಕೆಲಸ ಕೂಡದೆಂದು ನಾಳೆಯ ಆಲೂಗಡ್ಡೆಯನ್ನು ಇವತ್ತೇ ಸುಲಿಯುತ್ತಿರುವ ಹೆಂಡತಿ ಎಫಿ ಅಡುಗೆಮನೆಯಿಂದಲೇ ಕೂಗುತ್ತಾರೆ: "ಟಗರಿಗೆ ಬೈಯೋಕೂ ರಾಗ ಬೇಕು ಈ ಮನುಷ್ಯನಿಗೆ!"

ಟಾರ್ಕಿಲ್‌ಗೆ ಅರವತ್ತೊಂದು. ಮೂವತ್ತೇಳು ವರ್ಷಗಳಿಂದ ಉಣ್ಣೆಬಟ್ಟೆ ನೇಯುತ್ತಿದ್ದಾರೆ. ಮಂಡಿ ಸಹಕರಿಸಿದ ದಿನ ಹದಿನಾರು ಮೀಟರ್, ಇಲ್ಲದಿದ್ದರೆ ಹತ್ತು. ಭಾನುವಾರ ಮಗ್ಗ ಮುಟ್ಟುವುದಿಲ್ಲ. ಅಂದು ಅವರಿಗೆ ಬೇರೆ ಕೆಲಸವಿದೆ. ಊರ ಚರ್ಚಿನಲ್ಲಿ ವಾದ್ಯವಿಲ್ಲ. ಟಾರ್ಕಿಲ್ ಎದ್ದು ನಿಂತು ದ್ವೀಪದ ಮಾತಾದ ಗೇಲಿಕ್ ಭಾಷೆಯ ಕೀರ್ತನೆಯ ಒಂದು ಸಾಲು ಒಂಟಿಯಾಗಿ ಎತ್ತುತ್ತಾರೆ. ಅದು ಮುಗಿಯುವ ಮೊದಲೇ ಎಪ್ಪತ್ತು ಕೊರಳುಗಳು ಅದನ್ನು ಹಿಡಿದು ಹಿಗ್ಗಿಸುತ್ತವೆ. ಆಮೇಲೆ ಮುಂದಿನ ಸಾಲು. ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ. ಸಂಬಳವಿಲ್ಲ, ಫಲಕದಲ್ಲಿ ಹೆಸರೂ ಇಲ್ಲ.

"ಬಾಗಿಲು ತೆಗೆಯೋದಷ್ಟೇ ನನ್ನ ಕೆಲಸ. ಒಳಗೆ ಹೋಗೋರು ಅವರು."

ಒಂಬತ್ತು ವರ್ಷಗಳ ಹಿಂದೆ ಮಗಳು ಶೋನಾಕ್ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಇಪ್ಪತ್ತನಾಲ್ಕು ವರ್ಷ. ಇಡೀ ಊರು ಅವಳಿಗಾಗಿ ಮೊಣಕಾಲೂರಿ ಬೇಡಿತ್ತು. ಇದನ್ನು ಹೇಳುವಾಗ ಮಾತ್ರ ಟಾರ್ಕಿಲ್ ಪೆಡಲ್ ನಿಲ್ಲಿಸಿ ಲಾಳಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಅಡುಗೆಮನೆಯ ಚಾಕುವಿನ ಸದ್ದೂ ನಿಲ್ಲುತ್ತದೆ.

"ದೇವರ ಮೇಲೆ ಸಿಟ್ಟು ಬಂದಿದ್ರೆ ಪರವಾಗಿರಲಿಲ್ಲ. ಸಿಟ್ಟು ಮಾಡ್ಕೊಳ್ಳೋಕೆ ಅಲ್ಲಿ ಯಾರೂ ಇಲ್ಲ ಅನ್ನಿಸಿಬಿಟ್ತು."

ಅವರು ಬಿಟ್ಟರೆ ಸೊಲ್ಲೆತ್ತಲು ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಬಿಡುವುದೆಂದು ತೀರ್ಮಾನಿಸಿ, ಮೊದಲು ಹೇಳಿದ್ದು ಪಕ್ಕದ ಮನೆಯ ಡೊಲೀನಾಗೆ. ಗಂಡನನ್ನೂ ತಮ್ಮನನ್ನೂ ಒಂದೇ ದೋಣಿಯಲ್ಲಿ ಕಡಲಿಗೆ ಕೊಟ್ಟ ವಿಧವೆ ಆಕೆ. ಆಗ ಎಪ್ಪತ್ತೊಂಬತ್ತು.

"ಆ ಮಾತೆಲ್ಲ ನನ್ನ ಬಾಯಲ್ಲಿ ಸುಳ್ಳಾಗ್ತಿದೆ, ಅಜ್ಜಿ. ನಾನು ಏನನ್ನೂ ನಂಬ್ತಿಲ್ಲ."

"ನಿನ್ನ ನಂಬಿಕೆ ಕೇಳಿದ್ಯಾರೋ? ನೀನು ಸೊಲ್ಲು ಕೊಡು. ನಂಬೋ ಕೆಲಸ ಸದ್ಯಕ್ಕೆ ನಾವು ನೋಡ್ಕೋತೀವಿ. ಟೀ ಕುಡಿ, ಆರಿಹೋಗ್ತಿದೆ."

ಹದಿನಾಲ್ಕು ತಿಂಗಳು ನಂಬದೆಯೇ ಸೊಲ್ಲು ಕೊಟ್ಟರು. ಹಾಡು ಮುಗಿದ ಮೇಲೆ ಚರ್ಚಿನಲ್ಲಿ ನಿಲ್ಲುವ ಮೌನ ಅವರಿಗೆ ಬರೀ ಖಾಲಿಯಾಗಿ ಕೇಳುತ್ತಿತ್ತು. ಮೇ ತಿಂಗಳ ಒಂದು ಭಾನುವಾರ ಎರಡನೆಯ ಸಾಲಿನ ನಡುವೆ ಅವರ ಸೊಲ್ಲು ನಿಂತೇಹೋಯಿತು. ಸಭಾಪಾಲಕರು ತಮ್ಮ ಬೂಟು ನೋಡಿಕೊಂಡರು.

ಆಗ ಮುಂಭಾಗದ ಬೆಂಚಿನಿಂದ ಡೊಲೀನಾ ಸೊಲ್ಲೆತ್ತಿದರು. ಆ ಸಭೆಯಲ್ಲಿ ಅದುವರೆಗೆ ಹೆಂಗಸು ಸೊಲ್ಲೆತ್ತಿದ್ದೇ ಇಲ್ಲ. ಎತ್ತಿದ್ದೋ, ಕಡಲಹಕ್ಕಿಯ ಶ್ರುತಿಯಲ್ಲಿ! ಆದರೂ ಎಪ್ಪತ್ತು ಜನ ಬಿಡದೆ ಬೆನ್ನುಹತ್ತಿದರು. ಗಂಡಸರ ಕತ್ತಿನ ನರ ಉಬ್ಬಿದವು, ಮುಖ ಕೆಂಪೇರಿದವು.

"ಇನ್ನೊಂದು ಸಾಲು ಹಾಗೇ ಹೋಗಿದ್ರೆ ಇಬ್ಬರನ್ನಾದ್ರೂ ಆಸ್ಪತ್ರೆಗೆ ಸೇರಿಸಬೇಕಾಗ್ತಿತ್ತು. ವಿಧಿಯಿಲ್ದೆ ಮುಂದಿನ ಸಾಲು ನಾನೇ ಕೆಳಗಿನ ಶ್ರುತಿಲಿ ಎತ್ಕೊಂಡೆ."

ಅಂದೇ ನಂಬಿಕೆ ಮರಳಿತೇ?

"ಇಲ್ಲ. ನಗು ಬಂತು. ಮನೆಗೆ ಬಂದು ನಾನೂ ಎಫೀನೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ವಿ. ಶೋನಾಕ್ ಹೋದ ಮೇಲೆ ಅದೇ ಮೊದಲು."

"ಭಾನುವಾರ ಹಾಗೆ ನಗಬಾರದು," ಎನ್ನುತ್ತಲೇ ಎಫಿ ಬಾಗಿಲಲ್ಲಿ ನಿಂತು ಮತ್ತೆ ನಗುತ್ತಾರೆ.

ನಂಬಿಕೆ ಬಂದದ್ದು ಆಮೇಲೆ, ಸದ್ದಿಲ್ಲದೆ. ತಾರೀಖು ಅವರಿಗೂ ಗೊತ್ತಿಲ್ಲ. ಒಂದು ವಾರ ಸೊಲ್ಲೆತ್ತಿದಾಗ ಆ ಮಾತು ತಮ್ಮದೇ ಆಗಿತ್ತು, ಅಷ್ಟೇ. ಅನುಮಾನ ಈಗಲೂ ಬರುತ್ತದಂತೆ, "ಬಿಸಿಲೇ ಕಾಣದ ಫೆಬ್ರವರಿ ತಿಂಗಳಲ್ಲಿ ಸ್ವಲ್ಪ ಜಾಸ್ತಿ." ಹಾಗಾದರೆ ಬದುಕಿನಲ್ಲಿ ಹೆಮ್ಮೆಯೆನಿಸುವುದು ಯಾವುದು ಎಂದರೆ ಟಾರ್ಕಿಲ್ ಮತ್ತೆ ಪೆಡಲ್ ಮೇಲೆ ಕಾಲಿಡುತ್ತಾರೆ.

"ಆ ಹದಿನಾಲ್ಕು ತಿಂಗಳಲ್ಲಿ ಅರವತ್ತೊಂದು ಭಾನುವಾರ ಬಂದಿದ್ವು. ಒಂದನ್ನೂ ಬಿಡಲಿಲ್ಲ ನಾನು."