ತಿಮ್ಮಣ್ಣನ ಕಪ್ಪೆ ಮಡಕೆ

ತಿಮ್ಮಣ್ಣ ಕಪ್ಪೆಯ ಮಡಕೆ ಹೊತ್ತು ಬಂದರೆ ಪ್ರಯೋಗಾಲಯದಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಮಡಕೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಕತ್ತಲ ಮೂಲೆಯಲ್ಲಿಟ್ಟು, ನಮ್ಮನ್ನೆಲ್ಲ ಒಂದು ತಾಸು ಕಾಯಿಸುತ್ತಿದ್ದ. ಸಾಗರದ ಕಾಲೇಜೊಂದರಲ್ಲಿ ಆಗ ನಾನು ಪ್ರಾಣಿಶಾಸ್ತ್ರ ವಿಭಾಗದ ಡೆಮಾನ್‌ಸ್ಟ್ರೇಟರ್, ಅವನು ಅಟೆಂಡರ್. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು.

ನಾನೋ ಬಾಯಿಬಡುಕಿ, ಅವಸರದವಳು. ಒಮ್ಮೆ ಅವನಿಲ್ಲದಾಗ ಕಪ್ಪೆಯ ಡಬ್ಬಿಯನ್ನು ಕುಲುಕಾಡಿಸಿಕೊಂಡು ಓಡಿಬಂದು ಪ್ರಯೋಗ ಶುರುಮಾಡಿಯೇ ಬಿಟ್ಟೆ. ಕಪ್ಪೆಯ ಹೃದಯಕ್ಕೆ ಕಟ್ಟಿದ ಕಡ್ಡಿ, ಮಸಿ ಹಿಡಿಸಿ ತಿರುಗಲು ಬಿಟ್ಟ ಡ್ರಮ್ಮಿನ ಮೇಲೆ ಬಡಿತಕ್ಕೊಂದರಂತೆ ಆಗಲೇ ಎತ್ತರೆತ್ತರದ ಗೆರೆ ಗೀಚುತ್ತಿತ್ತು. ಬಡಿತ ಜೋರುಮಾಡುವ ಅಡ್ರಿನಲಿನ್ ಹನಿ ಬಿಟ್ಟರೂ ವ್ಯತ್ಯಾಸ ಕಾಣಲಿಲ್ಲ. ಹುಡುಗರು ಮುಸಿಮುಸಿ ನಕ್ಕರು.

"ಬಾಟ್ಲಿ ಔಷ್ದಿ ಇನ್ಯಾಕ್ರಮ್ಮ? ನೀವು ಹೆದ್ರಿಸಿದ್ದಕ್ಕೆ ಅದ್ರ ಮೈಯಲ್ಲೇ ಹುಟ್ಕಂಡಿದೆ" ಎಂದ ತಿಮ್ಮಣ್ಣ ಮರುದಿನ. "ಹೆದ್ರಿದ ಎದೆ ಸುಳ್ಳು ಹೇಳ್ತದೆ. ಮೊದ್ಲು ಸಮಾಧಾನ ಮಾಡ್ಬೇಕು, ಉಳಿದಿದ್ದೆಲ್ಲ ಆಮೇಲೆ."

ಅವನು ತಂದ ಕಪ್ಪೆಯ ಗೆರೆ ಮೊದಲು ಸಣ್ಣಗೆ, ಸಮನಾಗಿ ಬರುತ್ತಿತ್ತು. ಹನಿ ಬಿದ್ದ ಮೇಲೆ ಸ್ನಾಯು ಬಿಗಿದು ಬಿಗಿದು ಗೆರೆ ಮೇಲೇರುತ್ತಿತ್ತು. ತಿಮ್ಮಣ್ಣ ಪ್ರತಿ ಸಲವೂ "ಪಾಪ" ಎನ್ನುತ್ತಿದ್ದ.

ಅವನ ಎದೆಯೂ ನೆಟ್ಟಗಿರಲಿಲ್ಲ. ಒಂದು ಸಲ ನೋವು ಬಂದು ಮಲಗಿದ್ದಾಗ ಡಾಕ್ಟರು ಗಾಬರಿಯಾಗಬಾರದು ಎಂದಿದ್ದರು. ಆಗದೆ ಇರುವುದು ಹೇಗೆ? ಹೊಸ ಲಿಂಗನಮಕ್ಕಿ ಅಣೆಕಟ್ಟಿನ ನೀರು ಶರಾವತಿ ದಂಡೆಯ ಅವನ ಊರಿಗೆ ಏರುತ್ತಿತ್ತು. ಅವನನ್ನು ಸಾಕಿದ ಅಕ್ಕ ಗಿಡ್ಡಮ್ಮ ಮನೆ ಬಿಟ್ಟು ಬರಲೊಲ್ಲೆ ಎಂದು ಕೂತಿದ್ದಳು. ಪ್ರತಿ ಶನಿವಾರ ಹೋಗಿ ಬೇಡಿಕೊಂಡು, ಒಬ್ಬನೇ ವಾಪಸು ಬರುತ್ತಿದ್ದ.

ಒಂದು ಬೆಳಿಗ್ಗೆ ಕಾರ್ಗಲ್ ಬಸ್ಸಿನ ಕಂಡಕ್ಟರ್ ನನಗೆ ಸುದ್ದಿ ಕೊಟ್ಟ: ಮನೆ ಮುಳುಗಿದೆ, ಅಕ್ಕನನ್ನು ದೋಣಿಯಲ್ಲಿ ದಾಟಿಸಿದ್ದಾರೆ, ಕ್ಷೇಮವಾಗಿದ್ದಾಳೆ. ಖುಷಿಯಿಂದಲೇ ಓಡಿದೆ. ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಕೂಗಿದೆ, "ತಿಮ್ಮಣ್ಣಾ, ನಿಮ್ಮನೆ ಮುಳುಗೋಯ್ತಂತೆ!"

"ಅಕ್ಕ?" ಎಂದವನೇ ಎದೆ ಹಿಡಿದು ಕುಸಿದ.

"ಅಕ್ಕ ಬಂದ್ರು, ದೋಣೀಲಿ ಬಂದ್ರು" ಎಂದು ಕಿವಿಯ ಹತ್ತಿರ ಕಿರುಚಿದೆ. ಕೇಳಿಸಿತೋ ಇಲ್ಲವೋ. ಅವನು ಮತ್ತೆ ಏಳಲಿಲ್ಲ. ಅಯ್ಯೋ, ಅಕ್ಕ ಬಂದಳೆಂದು ಮೊದಲು ಹೇಳುವುದಕ್ಕೆ ನನ್ನ ಹಾಳು ಬಾಯಿಗೆ ಏನಾಗಿತ್ತು?

ಮೂರನೆಯ ದಿನ ಗಿಡ್ಡಮ್ಮ ಕಾಲೇಜಿಗೆ ಬಂದು ಅವನ ಮಡಕೆಯ ಪಕ್ಕ ನೆಲದ ಮೇಲೆ ಕೂತಳು. ಅದರ ಬಾಯಿಗೆ ಮುಚ್ಚಿದ್ದ ಗೋಣಿಯನ್ನು ಸವರುತ್ತ ಕೇಳಿದಳು:

"ಅಮ್ಮಾ, ನಾ ದಾಟಿ ಬಂದಿದ್ದು ಅವ್ನಿಗೆ ಗೊತ್ತಾಗಿತ್ತಾ?"

ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು.

"ಗೊತ್ತಾಗಿತ್ತು" ಎಂದೆ.