ಲೆಕ್ಕಕ್ಕೆ ಹೂ ಕೇಳಿದವರು

ನನ್ನ ಗಂಡ ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಫೇಲಾದದ್ದು ನನ್ನ ಕಾಲ್ಗುಣದಿಂದಲ್ಲ, ಅವರ ಸೋಮಾರಿತನದಿಂದ. ಮದ್ದೂರಿನಲ್ಲಿ ಆಗ ಯಾರೂ ಇದನ್ನು ಒಪ್ಪಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ; ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪಾಸಾದರೆ ಶಿವನಸಮುದ್ರದ ಕರೆಂಟು ಕಾರ್ಖಾನೆಯಲ್ಲಿ ಗುಮಾಸ್ತಿಕೆ ಕೊಡಿಸುತ್ತೇನೆಂದು ಅವರ ಸೋದರಮಾವ ಮಾತು ಕೊಟ್ಟಿದ್ದರು. ಆದರೆ ಲ.ಸಾ.ಅ., ಮ.ಸಾ.ಅ. ಲೆಕ್ಕ ಎಂದರೆ ಇವರಿಗೆ ತಲೆನೋವು. ಪುಸ್ತಕ ಮುಚ್ಚಿಟ್ಟು ವೈದ್ಯನಾಥಪುರದ ಗುಡಿಗೆ ನಡೆದು, ಆ ಲೆಕ್ಕಗಳು ಪರೀಕ್ಷೆಗೆ ಬರುತ್ತವೆಯೇ ಎಂದು ದೇವರ ಮುಂದೆ ಹೂ ಕೇಳಿದರು. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಎಡಕ್ಕೆ ಬಿತ್ತು. ಇವರು ಆ ಪಾಠವನ್ನೇ ಬಿಟ್ಟು ಶಿಂಷಾ ಹೊಳೆಯಲ್ಲಿ ಈಜಿಕೊಂಡಿದ್ದರು. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಅವೇ ಲೆಕ್ಕ ಬಂದವು. ದೇವರಿಗೂ ಪ್ರಶ್ನೆ ಬರೆಯುವ ಮೇಷ್ಟರಿಗೂ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ಸುದ್ದಿ ಬಂದ ಸಂಜೆ ಅತ್ತೆ ಜಗಲಿಯಲ್ಲಿ ಕೂತು ಪಕ್ಕದ ಮನೆಯವಳಿಗೆ, ನನಗೂ ಕೇಳುವಂತೆ, ಹೇಳಿದರು: "ಇವ್ಳು ಒಸ್ಲು ತುಳ್ದಿದ್ದೇ ತುಳ್ದಿದ್ದು, ನನ್ ಮಗನ ಅದೃಷ್ಟವೇ ಓಯ್ತು ಕಣಮ್ಮ."

"ನನ್ ಕಾಲೇನು ಪರೀಕ್ಸೆ ಬರ್ಯಾಕೋಗಿತ್ತಾ ಅತ್ತೆ?" ಎಂದೆ. "ಹೂವು ಎಡಕ್ಕೋ ಬಲಕ್ಕೋ ಒಂದ್ ಕಡೆ ಬಿದ್ದೇ ಬೀಳ್ತದೆ. ಅದಕ್ಕೇನ್ ಲೆಕ್ಕ ಗೊತ್ತಾ?"

ಕಂಬಕ್ಕೆ ಒರಗಿದ್ದ ನನ್ನ ಗಂಡ, "ಬುಡು ಅತ್ಲಾಗೆ. ಮುಂದಿನ್ ಸಲ ಬ್ಯಾರೆ ದೇವ್ರನ್ನ ಕೇಳಾನ," ಎಂದರು.

ಮಾರನೆಯ ಬೆಳಿಗ್ಗೆ ನಾನು ಸೀರೆಗಳನ್ನು ಗಂಟು ಕಟ್ಟಿಕೊಂಡು, ಪಾಸಾದ ಮೇಲೆ ಕರೆಯಲು ಬನ್ನಿ ಎಂದು ಅವರ ಮುಖಕ್ಕೇ ಹೇಳಿ, ಮಳವಳ್ಳಿಯ ತವರಿಗೆ ಹೋಗುವ ಮೊದಲ ಇದ್ದಿಲು ಬಸ್ಸು ಹತ್ತಿದೆ.